ಕಂಡಕ್ಟರ್ ಅಕ್ಕ ಕೂಗಿಸಿದ ಊರುಗಳು

ಶಾಲೆ ಶುರುವಾದ ಮೊದಲ ವಾರ ಕಚೇರಿ ಕೋಣೆಯ ಹಳೆಯ ಕಪಾಟು ಚೊಕ್ಕ ಮಾಡುತ್ತಿದ್ದೆ. ಕೆಳಗಿನ ಖಾನೆಯಲ್ಲಿ, ಹರಿದ ನಕಾಶೆಗಳ ಹಿಂದೆ, ಬಳಪದ ಡಬ್ಬಿಯೊಂದು ಸಿಕ್ಕಿತು. ಯಾವ ಕಾಲದ್ದೋ. ಗಂಗಾವತಿ ಕಡೆಯ ಸಿದ್ದಾಪುರದ ಹತ್ತಿರದ ಈ ನಮ್ಮ ಶಾಲೆಯ ಮಕ್ಕಳು ಈಗ ನೋಟುಬುಕ್ಕಿನಲ್ಲೇ ಅಕ್ಷರ ತಿದ್ದುತ್ತಾರೆ. ಪಾಟಿ, ಅಂದರೆ ಸ್ಲೇಟು, ಅವರ ಅಜ್ಜಿಯರಿಗೆ ಮಾತ್ರ ಗೊತ್ತು. ಮುಚ್ಚಳ ತೆಗೆದೆ. ಒಣ ಕಲ್ಲಿನ, ಸ್ವಲ್ಪ ಮಣ್ಣಿನ, ನಾಲಿಗೆಯ ಮೇಲೆ ಬಂದು ಕೂರುವಂಥ ವಾಸನೆ... ಬೇರೆ ಯಾರಿಗಾದರೂ ಅದರಿಂದ ಒಂದನೇ ತರಗತಿ ನೆನಪಾದೀತು. ನನಗೆ ನೆನಪಾದದ್ದು ಒಂದು ಕೆಂಪು ಬಸ್ಸು, ಮತ್ತು ಆ ಬಸ್ಸಿನ ಕಂಡಕ್ಟರ್ ಅಕ್ಕ.

ಆಗ ನನಗೆ ಹತ್ತೊಂಬತ್ತು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಬರುವ ದಾರಿಯಲ್ಲಿ ನಮ್ಮೂರು. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಓದು ಬೇಡವಾಗಿರಲಿಲ್ಲ, ಮಾತು ಬೇಡವಾಗಿತ್ತು. ನನಗೆ ಉಗ್ಗು. ಹಲವು ಅಕ್ಷರ ತೊಡಕೇ, ಆದರೆ 'ಕ' ಅಂದರೆ ಗೋಡೆ. ತುಟಿಯವರೆಗೂ ಬಾರದೆ ಗಂಟಲಲ್ಲೇ ನಿಂತುಬಿಡುತ್ತಿತ್ತು. ಅದಕ್ಕೇ ಮಾತಾಡದೆ ಮಾಡುವ ಕೆಲಸ ಯಾವುದಿದೆ ಎಂದು ಹುಡುಕಿ, ಕೊಪ್ಪಳದಲ್ಲಿ ಟೈಪಿಂಗ್ ಕಲಿಯುವುದೆಂದು ತೀರ್ಮಾನ ಮಾಡಿದ್ದೆ. ಆದರೆ ಟೈಪಿಂಗ್ ಕಲಿಯಲು ಕೊಪ್ಪಳಕ್ಕೆ ಹೋಗಬೇಕಲ್ಲ, ಕೊಪ್ಪಳಕ್ಕೆ ಹೋಗಲು ಬಸ್ಸಿನಲ್ಲಿ 'ಕೊಪ್ಪಳ' ಎನ್ನಬೇಕಲ್ಲ! ನಮ್ಮ ದಾರಿಯ ಊರುಗಳನ್ನು ನೋಡಿ: ಕುಷ್ಟಗಿ, ಕುಕನೂರು, ಕೊಪ್ಪಳ. ದೇವರು ನನ್ನನ್ನು ಆಡಿಸಲೆಂದೇ ಜೋಡಿಸಿದಂತಿದ್ದವು.

ಮೊದಲ ದಿನ ಬೇರೊಬ್ಬ ಕಂಡಕ್ಟರ್ ಇದ್ದರು. "ಎಲ್ಲಿಗ್ರಿ?" ಎಂದರು. ನಾನು ಬಾಯಿ ತೆರೆದೆ. ಅವರು ಕಾದರು, ಹಿಂದಿನವರು ನೋಡಿದರು, ನನ್ನ ಕಿವಿ ಬಿಸಿಯಾಯಿತು. ಕೊನೆಗೆ ಸಲೀಸಾಗಿ ಬಂದ ಹೆಸರನ್ನೇ ಹೇಳಿಬಿಟ್ಟೆ: "ಯಲಬುರ್ಗಾ." ಯಲಬುರ್ಗಾದಲ್ಲಿ ಇಳಿದೆ. ಇಡೀ ದಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಬುತ್ತಿಯ ರೊಟ್ಟಿ ತಿಂದು, ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಟೈಪಿಂಗ್ ಹೇಗಿತ್ತು ಎಂದು ಅವ್ವ ಕೇಳಿದಳು. ಛಲೋ ಇತ್ತು ಎಂದು ತಲೆ ಆಡಿಸಿದೆ.

ಎರಡನೆಯ ದಿನ ಬಂದವರು ಕಂಡಕ್ಟರ್ ಅಕ್ಕ. ಖಾಕಿ ಅಂಗಿ, ಒಳಗೆ ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ. ನಲವತ್ತರ ಆಸುಪಾಸು. ಆಗ ನಮ್ಮ ಕಡೆ ಹೆಂಗಸರು ಕಂಡಕ್ಟರ್ ಆಗಿದ್ದುದೇ ಅಪರೂಪ. ದುಡ್ಡು ಚಾಚಿ ಬಾಯಿ ತೆರೆದು ನಿಂತ ನನ್ನನ್ನು ಅವರು ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಟೈಪಿಂಗ್ ಪುಸ್ತಕ ನೋಡಿದರು.

"ಕೊಪ್ಪಳ ಏನವಾ?"

ಹೌದೆಂದು ಗೋಣು ಹಾಕಿದೆ. ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು. ಅಂದಿನಿಂದ ನನ್ನನ್ನು ಅವರು ಎಲ್ಲಿಗೆ ಎಂದು ಕೇಳಲೇ ಇಲ್ಲ.

ಉಳಿದವರಿಗೆ ಮಾತ್ರ ಬಿಡುಗಡೆ ಇರಲಿಲ್ಲ. ಪ್ರತಿಯೊಬ್ಬರಿಗೂ ಟಿಕೆಟ್ಟಿನ ಜೊತೆ ಒಂದು ಪ್ರಶ್ನೆ ಇರುತ್ತಿತ್ತು. "ಇವತ್ತ ಏನ್ ಛಲೋ ಆತು ಹೇಳ್ರಿ." ಹೊಸಬರು ಗಲಿಬಿಲಿಗೊಳ್ಳುತ್ತಿದ್ದರು. ರೂಢಿಯಾದವರು ಮೊದಲೇ ಉತ್ತರ ಇಟ್ಟುಕೊಂಡು ಹತ್ತುತ್ತಿದ್ದರು. ಮಗಳಿಗೆ ಜ್ವರ ಬಿಟ್ಟಿತು, ಬಾವಿಗೆ ಒಂದು ಮೊಳ ನೀರು ಏರಿತು, ಕೋರ್ಟಿನಲ್ಲಿ ವಕೀಲರು ಇವತ್ತಾದರೂ ಬಂದರು... ಗಿಣಿಗೇರಾದ ಕಾರ್ಖಾನೆಗೆ ಎರಡನೆಯ ಪಾಳಿಗೆ ಹೋಗುತ್ತಿದ್ದ ಒಬ್ಬರು ಒಮ್ಮೆ ಸಿಟ್ಟಿನಿಂದ, "ಏನೂ ಛಲೋ ಆಗಿಲ್ರಿ ಅಕ್ಕಾರ, ಸುಮ್ಮ ಟಿಕೆಟ್ ಕೊಡ್ರಿ" ಎಂದಿದ್ದರು. ಅಕ್ಕ ನಗುತ್ತ, "ಬಸ್ ಸಿಕ್ತಲ್ರಿ" ಎಂದಿದ್ದರು. ಆ ಮನುಷ್ಯ ಭಾನಾಪುರ ದಾಟುವವರೆಗೂ ಬಿಗಿದುಕೊಂಡು ಕುಳಿತು, ಆಮೇಲೆ ತಾನೇ ನಕ್ಕುಬಿಟ್ಟರು.

ನನಗೆ ಇದೆಲ್ಲ ಹುಚ್ಚುತನ ಅನಿಸುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಸಲೀಸಾಗಿ ಮಾತು ಬರುವವರಿಗೆ ಸಂತೋಷ ಏನು ಕಷ್ಟ ಎಂದುಕೊಳ್ಳುತ್ತಿದ್ದೆ. ಮತ್ತೆ ಅವರ ಗಂಟಲೋ! ಇಂಜಿನ್ನಿನ ಗದ್ದಲ, ಕುರಿಮರಿಗಳ ಅರಚಾಟ, ಸೀಟಿನ ಜಗಳ ಎಲ್ಲದರ ಮೇಲಿಂದ ಊರಿನ ಹೆಸರು ಕೂಗಿದರೆ ಕೊನೆಯ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ಎದ್ದು ಗಂಟು ಹುಡುಕುತ್ತಿದ್ದರು. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಅದನ್ನು ಕೇಳಿ, ಬಸ್ ಬಂತು, ಇನ್ನು ಬುತ್ತಿ ಬಿಚ್ಚೋಣ ಎನ್ನುತ್ತಿದ್ದರಂತೆ.

ಒಂದು ಚಳಿಗಾಲದಲ್ಲಿ ಆ ಗಂಟಲಿಗೆ ಮಫ್ಲರ್ ಬಂತು. ಶೀತ ಇರಬೇಕು ಎಂದುಕೊಂಡೆವು. ಚಳಿ ಹೋದರೂ ಮಫ್ಲರ್ ಹೋಗಲಿಲ್ಲ. ಕೊನೆಗೊಂದು ದಿನ ಅವರು ಪ್ರತಿ ಊರನ್ನೂ ಎರಡೆರಡು ಸಲ ಕೂಗಿದರು. ಯಲಬುರ್ಗಾ, ಯಲಬುರ್ಗಾ. ಕುಕನೂರ, ಕುಕನೂರ. ಯಾರೂ ಇಳಿಯದ ಕ್ರಾಸುಗಳಲ್ಲೂ ಕೂಗಿದರು. ಮುಂದಿನ ಸೀಟಿನ ಹೆಂಗಸೊಬ್ಬರು ಕೇಳಿದರು, "ಯಾಕ್ರಿ ಅಕ್ಕಾರ, ಇವತ್ತ ಎರಡೆರಡು ಸಲ?"

"ಖರ್ಚ ಮಾಡಾಕತ್ತೀನ್ರಿ. ಉಳಿಸಿ ಏನ್ ಮಾಡ್ಲಿ?"

ಆಮೇಲೆ ಸಹಜವಾಗಿ, ನಾಳೆ ರಜೆ ಎನ್ನುವಷ್ಟು ಹಗುರವಾಗಿ ಹೇಳಿದರು. "ಗಂಟಲಾಗ ಗಡ್ಡಿ ಆಗೇತ್ರಿ. ನಾಳಿ ಹುಬ್ಬಳ್ಳಿಗೆ ಹೊಂಟೀನಿ. ತಗದ್ರ ದನಿ ಹೋದೀತು, ತಗೀಲಿಲ್ಲಂದ್ರ ಜೀವ ಹೋದೀತು ಅಂತ ಡಾಕ್ಟರು ಮೊದಲ ಹೇಳ್ಯಾರ. ನಾ ಏನ್ ಭಾಳ ಹೊತ್ತು ವಿಚಾರ ಮಾಡ್ಲಿಲ್ರಿ."

ಡ್ರೈವರ್ ಕಾಕಾ, ಅವರೊಂದಿಗೆ ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಿದವರು, ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಮತ್ತೆ ರಸ್ತೆಗೆ ಕಣ್ಣು ಹಾಕಿದರು. ಕೊಪ್ಪಳ ಬಂದಾಗ ಅಕ್ಕ ಬಾಗಿಲಲ್ಲಿ ನಿಂತು ಕೊನೆಯ ಸಲ ಕೂಗಿದರು. ಇಳಿಯುವವರೆಲ್ಲ ಅವರ ಕೈ ಮುಟ್ಟಿ ಇಳಿದರು. ನಾನೂ ಮುಟ್ಟಿದೆ. ಏನೋ ಹೇಳಬೇಕೆಂದಿದ್ದೆ, ಬರಲಿಲ್ಲ.

ಅವರು ಮತ್ತೆ ಕಂಡದ್ದು ಮೂರು ನಾಲ್ಕು ತಿಂಗಳ ಮೇಲೆ. ಜೀವ ಉಳಿದಿತ್ತು, ದನಿ ಹೋಗಿತ್ತು. ಒಲೆ ಊದಿದರೆ ಬರುವಷ್ಟು ಉಸಿರಿನ ಸದ್ದು ಮಾತ್ರ. ಡಿಪೋದ ಸಾಹೇಬರು ಒಳ್ಳೆಯವರು. ಕಚೇರಿಯಲ್ಲಿ ಕುರ್ಚಿಯ ಕೆಲಸ ಕೊಟ್ಟಿದ್ದರು. ಅಕ್ಕ ಒಂದು ತಿಂಗಳು ಅಲ್ಲಿ ಕುಳಿತು, ತನಗೆ ಬಸ್ಸೇ ಬೇಕು ಎಂದು ಬರೆದುಕೊಟ್ಟರಂತೆ. ಕೂಗದೆ ಕಂಡಕ್ಟರಕಿ ಹೇಗೆ ಮಾಡುತ್ತೀರಿ ಎಂದು ಸಾಹೇಬರು ಕೇಳಿದರು. ಅಕ್ಕ ಒಂದೇ ವಾರ ನೋಡಿ ಎಂದು ಬರೆದು ತೋರಿಸಿದರು. ಒಂದು ವಾರದ ಪರೀಕ್ಷೆಗೆ ಅವರು ನಮ್ಮ ದಾರಿಗೇ ಬಂದರು. ಕೊರಳಲ್ಲಿ ಸೀಟಿ, ಇನ್ನೊಂದು ದಾರದಲ್ಲಿ ಮಕ್ಕಳ ಪಾಟಿ, ಅಂಗಿಯ ಕಿಸೆಯಲ್ಲಿ ಬಳಪ.

ಪಾಟಿಯ ಮೇಲೆ ಅವರು ಬರೆಯುತ್ತಿದ್ದುದೂ ಹಿಂದೆ ಮಾತಾಡುತ್ತಿದ್ದ ಹಾಗೆಯೇ. ಟಿಕೆಟ್ ಕೊಡುವಾಗ ಅದೇ ಪ್ರಶ್ನೆಯನ್ನು ಬರೆದು ಎತ್ತಿ ತೋರಿಸಿದರು: ಇವತ್ತ ಏನ್ ಛಲೋ ಆತು? ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿದರು. ಒಬ್ಬ ಅಜ್ಜಿ, "ನೀ ಬಂದೆಲ್ಲಾ ಯವ್ವಾ, ಅದ ಛಲೋ" ಎಂದು ಕಣ್ಣೊರೆಸಿಕೊಂಡಳು. ತನಗೇನು ಛಲೋ ಆಯಿತು ಎಂಬುದನ್ನೂ ಅಕ್ಕ ಬರೆದರು. ಅವರ ಎಮ್ಮೆ ಮೊದಲು ಅವರ ಕೂಗಿಗೆ ಮೇವಿನ ಜಾಗದಿಂದ ಓಡಿ ಬರುತ್ತಿತ್ತಂತೆ. ದನಿ ಹೋದ ಮೇಲೆ ಬರುವುದನ್ನೇ ಬಿಟ್ಟಿತ್ತು. 'ಈಗ ಚಪ್ಪಾಳಿಗೆ ಬರ್ತೈತಿ' ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ಬಸ್ಸಿನ ತುಂಬ ತೋರಿಸುತ್ತ ಓಡಾಡಿದರು. ಅಷ್ಟು ಹೆಮ್ಮೆಯ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆದರೆ ಊರು ಕೂಗುವುದು ಪಾಟಿಯಿಂದ ಆಗಲಿಲ್ಲ. ಪಾಟಿ ಎತ್ತಿ ಹಿಡಿದರೆ ನಿಂತವರ ಬೆನ್ನುಗಳೇ ಅಡ್ಡ. ಮಲಗಿದವರಿಗಂತೂ ಪಾಟಿ ಯಾವ ಲೆಕ್ಕ? ಡ್ರೈವರ್ ಕಾಕಾ ಕೂಗಿ ನೋಡಿದರು. ಇಂಜಿನ್ನಿನ ಸದ್ದಿನಲ್ಲಿ ಎರಡನೆಯ ಸೀಟಿಗೂ ಮುಟ್ಟಲಿಲ್ಲ. ಎರಡನೆಯ ದಿನವೇ ಆಗಬಾರದ್ದು ಆಯಿತು. ಮಗಳ ಮನೆಗೆಂದು ಕುಕನೂರಿಗೆ ಹೊರಟ ಮುದುಕರೊಬ್ಬರು ಕಣ್ಣು ಹತ್ತಿ, ಭಾನಾಪುರದಲ್ಲಿ ಎಚ್ಚರಾದರು. ಬಿಸಿಲು ಏರಿತ್ತು, ವಾಪಸು ಬಸ್ಸಿಗೆ ಬಹಳ ಹೊತ್ತಿತ್ತು.

"ಕೂಗಾಕ ಬರಲಾರದವ್ರನ್ನ ಯಾಕ ಕಳಸ್ತಾರ?" ಎಂದು ಅವರು ಎಲ್ಲರಿಗೂ ಕೇಳುವಂತೆ ಅಂದರು. ತಪ್ಪೇನೂ ಹೇಳಿರಲಿಲ್ಲ ಅವರು.

ಅಕ್ಕ ಪಾಟಿಯ ಮೇಲೆ 'ತಪ್ಪು ನಂದು' ಎಂದು ಬರೆದು ತೋರಿಸಿದರು. ಅವರನ್ನು ಕೈಹಿಡಿದು ಇಳಿಸಿ, ಎದುರಿನ ಚಹಾದಂಗಡಿಯ ನೆರಳಿನಲ್ಲಿ ಕೂರಿಸಿ, ಅಂಗಡಿಯವರಿಗೆ ಬಸ್ಸಿನ ಹೊತ್ತು ಬರೆದುಕೊಟ್ಟು ಬಂದರು. ಬಂದು ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕುಳಿತರು. ಅವರು ಡ್ಯೂಟಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖದಲ್ಲಿ ನಗು ಇರಲಿಲ್ಲ. ಸೋತ ಮನುಷ್ಯರ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಮನೆಯ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದೆನಲ್ಲ.

ನನಗೆ ಏನಾಯಿತೋ, ನಾನಾಗಿಯೇ ಅವರನ್ನು ಕೇಳಿದೆ. ಎಷ್ಟು ಸಲ ತಡವರಿಸಿ ಕೇಳಿದೆನೋ... ಅವರು ಅವಸರ ಮಾಡಲಿಲ್ಲ. "ಅಕ್ಕಾರ, ನಿಮಗ... ದುಃಖ ಆಗಂಗಿಲ್ಲೇನ್ರಿ?"

ಅವರು ಬರೆದರು. 'ಆಗ್ತೈತಿ. ಮುಂಜಾನಿ ಎದ್ದ ಕೂಡ್ಲೆ ಆಗ್ತೈತಿ.' ಸೆರಗಿನಿಂದ ಒರೆಸಿ ಮತ್ತೆ ಬರೆದರು. 'ಅಷ್ಟ್ರಾಗ ಬಸ್ಸಿಗೆ ಹೊತ್ತಾಗ್ತೈತಿ.'

ನಾನು ನಕ್ಕೆ. ಅವರೂ ನಕ್ಕರು, ಸದ್ದಿಲ್ಲದೆ. ಆಮೇಲೆ ಬಹಳ ಹೊತ್ತು ಬರೆದು ಪಾಟಿಯನ್ನು ನನ್ನ ತೊಡೆಯ ಮೇಲಿಟ್ಟರು.

'ನಿನಗ ಕ ಒಂದ ಕಷ್ಟ. ನನಗ ಎಲ್ಲಾ ಅಕ್ಷರ ಕಷ್ಟ. ಇಬ್ರೂ ಕೂಡಿ ಒಂದ್ ಊರು ಕೂಗೂಣೇನು?'

ನನ್ನ 'ಕ' ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು! ನಾನು ಆಗಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಒತ್ತಾಯ ಮಾಡಲಿಲ್ಲ. ಪಾಟಿಯನ್ನೂ ಒರೆಸಲಿಲ್ಲ. ಕೊಪ್ಪಳದವರೆಗೂ ಅದು ನನ್ನ ತೊಡೆಯ ಮೇಲೇ ಇತ್ತು.

ಸಂಜೆ ವಾಪಸಾಗುವಾಗ ಬಸ್ಸು ತುಂಬಿತ್ತು. ಭಾನಾಪುರ ದಾಟಿದೆವು. ಮುಂದಿನ ದೊಡ್ಡ ಸ್ಟಾಪು ಕುಕನೂರು. ಕೈಗೂಸು ಎತ್ತಿಕೊಂಡ ಒಬ್ಬಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು, ಅವಳು ಅಲ್ಲೇ ಇಳಿಯಬೇಕು ಎಂದು ನನಗೆ ಗೊತ್ತಿತ್ತು. ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು ಹಿಂದೆ ಹೋಗಲು ಒದ್ದಾಡುತ್ತಿದ್ದರು. ನಾನು ಎದ್ದು ನಿಂತೆ. ಕಂಬ ಹಿಡಿದೆ.

"ಕ... ಕ... ಕ..."

ಗೋಡೆ. ಯಾರೋ ಕಿಸಕ್ಕೆಂದರು. ಇನ್ನೊಬ್ಬರು ನನ್ನ ಹಾಗೆಯೇ 'ಕಕಕ' ಎಂದರು. ಕುಳಿತುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅಕ್ಕ ತಿರುಗಿದರು. ನಕ್ಕವರ ಕಡೆ ಕೈ ಎತ್ತಿದರು, ಅಷ್ಟೇ, ಬಸ್ಸು ಸುಮ್ಮನಾಯಿತು. ಆಮೇಲೆ ಕೈಯಲ್ಲಿದ್ದ ಟಿಕೆಟ್ ಪಂಚಿನಿಂದ ಕಬ್ಬಿಣದ ಕಂಬಕ್ಕೆ ನಿಧಾನವಾಗಿ ಬಡಿಯತೊಡಗಿದರು. ಟಕ್... ಟಕ್... ಟಕ್. ಅವ್ವನ ಜೊತೆ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವಾಗ ನನಗೆ ಎಂದೂ ಉಗ್ಗು ಬಂದಿರಲಿಲ್ಲ. ಆ ಹಾಡಿನ ಲಯವೇ ಇದು. ನಾನು ಅದರ ಮೇಲೆ ಹತ್ತಿ ಕುಳಿತೆ.

"ಕುಕನೂ...ರ!"

ಮಲಗಿದ್ದವಳು ಎದ್ದಳು. ಕೂಸನ್ನು ಎತ್ತಿಕೊಂಡು, ಗಂಟು ಹಿಡಿದು, ನನ್ನ ಪಕ್ಕದಿಂದ ಹಾದು ಇಳಿದು ಹೋದಳು. ಅವಳಿಗೆ ಏನೂ ವಿಶೇಷ ಅನಿಸಿರಲಿಕ್ಕಿಲ್ಲ. ಬಸ್ಸಿನಲ್ಲಿ ಯಾರೋ ಊರು ಕೂಗಿದರು, ಅವಳು ಇಳಿದಳು. ನಾನು ಮಾತ್ರ ಯಲಬುರ್ಗಾದವರೆಗೂ ಕಂಬ ಬಿಡಲಿಲ್ಲ. ಅಕ್ಕ ಹತ್ತಿರ ಬಂದು ಪಾಟಿ ತೋರಿಸಿದರು. ಏನೂ ಬರೆದಿರಲಿಲ್ಲ, ನನ್ನ ಮುಂದೆ ಪಾಟಿ ಚಾಚಿ, ಬಳಪವನ್ನು ನನ್ನ ಕೈಗೆ ಕೊಟ್ಟರು. ಇವತ್ತು ಏನು ಛಲೋ ಆಯಿತು ಎಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ದೊಡ್ಡದಾಗಿ ಒಂದು 'ಕ' ಬರೆದೆ.

ಮರುದಿನ ನಾನೇ ಎದ್ದು ಕೂಗಿದೆ. ಅದರ ಮರುದಿನ, ನನ್ನ ತೊಡಕು ಕಂಡು, ಯಲಬುರ್ಗಾದ ಬಟ್ಟೆ ವ್ಯಾಪಾರದ ಸಾಬರೊಬ್ಬರು ತಮ್ಮೂರನ್ನು ತಾವೇ ಕೂಗಿದರು. "ನಮ್ಮೂರ ಹೆಸರು ನಾವ ಕೂಗಿದ್ರ ಏನ್ ಹೋಗ್ತೈತಿ?" ಎಂದರು. ಅಷ್ಟೇ ಸಾಕಾಯಿತು. ವಾರ ಮುಗಿಯುವುದರೊಳಗೆ ಪ್ರತಿ ಊರಿಗೂ ಕೂಗುವವರು ಹುಟ್ಟಿಕೊಂಡರು. ಅಕ್ಕ ಪಂಚಿನಿಂದ ಕಂಬಕ್ಕೆ ಮೂರು ಸಲ ಬಡಿದರೆ ಸಾಕು, ಇಳಿಯುವ ಊರಿನವರು ಒಟ್ಟಿಗೆ ಕೂಗುತ್ತಿದ್ದರು. ಕೂಗಲು ನಾಚುತ್ತಿದ್ದ ಸೊಸೆಯರೂ ಸೆರಗು ಬಾಯಿಗಿಟ್ಟುಕೊಂಡು ಕೂಗಿದರು. ನನ್ನ ಪಾಲಿಗೆ ಕುಕನೂರು ಕಾಯಂ ಆಯಿತು. ಅದನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಸಿಕ್ಕಿಕೊಂಡಾಗ ಎಲ್ಲರೂ ಕಾಯುತ್ತಿದ್ದರು. ಆ ಬಸ್ಸಿನಲ್ಲಿ ಕಾಯುವುದು ಒಂದು ಮರ್ಯಾದೆಯಾಗಿಬಿಟ್ಟಿತ್ತು.

ಏಳನೆಯ ದಿನ ಡಿಪೋದ ಸಾಹೇಬರು ಯಾರಿಗೂ ಹೇಳದೆ ಕುಷ್ಟಗಿಯಲ್ಲಿ ಹತ್ತಿ ಹಿಂದೆ ಕುಳಿತರು. ನಮಗೆ ಅವರ ಗುರುತಿರಲಿಲ್ಲ. ಡ್ರೈವರ್ ಕಾಕಾ ಮಾತ್ರ ಕನ್ನಡಿಯಲ್ಲಿ ನೋಡಿ ಬೆವರುತ್ತಿದ್ದರಂತೆ. ಊರು ಬಂದಂತೆ ಜನ ಕೂಗಿದರು, ಇಳಿದರು. ಕುಕನೂರಿನಲ್ಲಿ, ಎರಡನೆಯ ದಿನ ಬೈದಿದ್ದ ಅದೇ ಮುದುಕರು ಮಗಳ ಮನೆಯಿಂದ ಮೊಮ್ಮಗಳನ್ನು ಕರೆದುಕೊಂಡು ಕೊಪ್ಪಳದ ಆಸ್ಪತ್ರೆಗೆಂದು ಹತ್ತಿದರು. ಅಕ್ಕನನ್ನು ಕಂಡು, "ಇವತ್ತ ನಾ ಮಲಗಂಗಿಲ್ಲ ತಗೋ ಯವ್ವಾ" ಎಂದರು. ಕೊಪ್ಪಳ ಬಂದಾಗ ಇಡೀ ಬಸ್ಸು ಒಂದೇ ಗಂಟಲಲ್ಲಿ ಕೂಗಿತು. ಸಾಹೇಬರು ಕೊನೆಗೆ ಇಳಿದರು. ಅಕ್ಕನ ಮುಂದೆ ನಿಂತು, "ಒಬ್ರನ್ನ ಕಳಿಸಿದ್ನಿ, ಐವತ್ತು ಮಂದಿ ಕಂಡಕ್ಟರ್ ಆಗ್ಯಾರಲ್ರಿ" ಎಂದರು. ಅಕ್ಕ ಪಾಟಿ ಎತ್ತಿ ಅವರಿಗೂ ಅದೇ ಪ್ರಶ್ನೆ ತೋರಿಸಿದರು. ಸಾಹೇಬರು ಓದಿ, ಟೋಪಿ ಸರಿಮಾಡಿಕೊಂಡು, "ಇದ ಆತ್ರಿ" ಎಂದು ಹೊರಟರು.

ದಾರಿ ಅವರಿಗೇ ಉಳಿಯಿತು. ಮುಂದೆ ಎಷ್ಟೋ ವರ್ಷ.

ನಾನು ಟೈಪಿಂಗ್ ಮುಗಿಸಲಿಲ್ಲ. ಮಾತಾಡದ ಕೆಲಸ ಇನ್ನು ಬೇಡ ಎನಿಸಿತು. ಶಿಕ್ಷಕರ ತರಬೇತಿಗೆ ಅರ್ಜಿ ಹಾಕುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬಸ್ಸಿನಲ್ಲಿ ಹೇಳಿದಾಗ ಅಕ್ಕ ಮಾತ್ರ ಹಾಗೆ ಯಾರ ಮುಖವನ್ನೂ ನೋಡಲಿಲ್ಲ. 'ಪಾಟಿ ಇಟ್ಕೊ, ಬೇಕಾಗ್ತೈತಿ' ಎಂದು ಬರೆದು ನಕ್ಕರು. ಇಂದು ನಾನು ಒಂದನೆಯ ತರಗತಿಯವರಿಗೆ ಅಕ್ಷರ ಕಲಿಸುತ್ತೇನೆ. ಉಗ್ಗು ಹೋಗಿಲ್ಲ. ಪಾಲಕರ ಸಭೆಯಲ್ಲಿ ಒಂದೆರಡು ಕಡೆ ನಿಂತೇ ನಿಲ್ಲುತ್ತೇನೆ. ನಿಂತಾಗ ನಾಚುವುದಿಲ್ಲ, ಅಷ್ಟೇ ವ್ಯತ್ಯಾಸ. ಅಷ್ಟು ವ್ಯತ್ಯಾಸದಿಂದ ಒಂದು ಬದುಕು ಪೂರ್ತಿ ಬೇರೆಯಾಗುತ್ತದೆ ಎಂದು ನನಗೆ ಗೊತ್ತು. ಸಂತೋಷವಾಗಿರುವುದು ಹೇಗೆಂದು ದೊಡ್ಡವರು ಭಾಷಣ ಮಾಡುವುದನ್ನು ಆಮೇಲೆ ಎಷ್ಟೋ ಕೇಳಿದ್ದೇನೆ. ಕೇಳುವಾಗಲೆಲ್ಲ, ನಮ್ಮ ಬಸ್ಸಿನ ಕಂಡಕ್ಟರ್ ಇದನ್ನು ಒಂದು ಮಾತೂ ಆಡದೆ ಕಲಿಸಿದ್ದರು ಎಂದು ಎದ್ದು ಹೇಳಬೇಕೆನಿಸುತ್ತದೆ. ಒಮ್ಮೆ ಹೇಳಿಯೂ ಇದ್ದೇನೆ.

ಅಕ್ಕನಿಗೆ ಗಡ್ಡೆ ಮತ್ತೆ ಬಂತಂತೆ, ಬೇರೆ ಕಡೆ. ನಾನಾಗ ಗಂಗಾವತಿಯ ಕಡೆ ಕೆಲಸಕ್ಕೆ ಸೇರಿದ್ದೆ; ಆ ದಾರಿಯ ಬಸ್ಸು ಹತ್ತುವುದು ಹಬ್ಬಕ್ಕೊಮ್ಮೆ ಆಗಿತ್ತು. ಡ್ರೈವರ್ ಕಾಕಾ ಫೋನ್ ಮಾಡುವ ಹೊತ್ತಿಗೆ ಅಕ್ಕ ತೀರಿಹೋಗಿ ನಾಲ್ಕು ದಿನ ಕಳೆದಿತ್ತು. ಕುಷ್ಟಗಿಯ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂರಲು ಜಾಗ ಇರಲಿಲ್ಲ. ಆ ದಾರಿಯ ಎಲ್ಲ ಊರಿನವರೂ ಬಂದಿದ್ದರು. ಯಾರು ಯಾವ ಊರಿನವರು ಎಂದು ಪರಸ್ಪರ ಮುಖದಿಂದಲ್ಲ, ಬಸ್ಸಿನಲ್ಲಿ ಕೂಗುತ್ತಿದ್ದ ದನಿಯಿಂದ ಗುರುತು ಹಿಡಿದೆವು. ಕೊನೆಯ ತಿಂಗಳವರೆಗೂ ಅವರು ಡ್ಯೂಟಿ ಮಾಡಿದ್ದರು ಎಂದು ಅವರ ಗಂಡ ಹೇಳಿದರು. ಹೇಳುವಾಗ ಆತನ ದನಿಯಲ್ಲಿ ಅಳುವಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು. ನನ್ನೊಳಗೂ ಅದೇ ಇತ್ತು.

ಹೋದ ತಿಂಗಳು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಡ್ರೈವರ್ ಕಾಕಾ ಸಿಕ್ಕಿದ್ದರು. ನಿವೃತ್ತರಾಗಿ ಬಹಳ ವರ್ಷವಾಯಿತು, ಗಡ್ಡ ಪೂರ್ತಿ ಬೆಳ್ಳಗಾಗಿದೆ. ಬಸ್ಸಿಗೆ ಕಾಯುತ್ತ ಇಬ್ಬರೂ ಚಹಾ ತೆಗೆದುಕೊಂಡು ಕುಳಿತೆವು. ಸಹಜವಾಗಿ ಅಕ್ಕನ ಮಾತು ಬಂತು. ಬಹಳ ದಿನದಿಂದ ನನ್ನನ್ನು ಕಾಡುತ್ತಿದ್ದ ಒಂದು ವಿಷಯವನ್ನು ಕೇಳಿದೆ.

"ಕಾಕಾ, ಆಪರೇಷನ್ ಆಗೂಕಿಂತ ಮೊದಲಿನ ದನಿ ಹೆಂಗಿತ್ರಿ ಅಕ್ಕಾರದು? ನೆನಪೈತೇನ್ರಿ?"

"ನೆನಪಿಲ್ದ ಏನವಾ? ಜೋರಿತ್ತು," ಎಂದರು ಅವರು ಕೂಡಲೇ. "ಭಾಳ ಜೋರಿತ್ತು..."

ಕಣ್ಣು ಮುಚ್ಚಿದರು. ತುಟಿ ಸ್ವಲ್ಪ ಅಲುಗಿತು. ನಾನು ಕಾದೆ. ಎಷ್ಟೋ ಹೊತ್ತಾದ ಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದರು, ತಪ್ಪು ಮಾಡಿದವರ ಹಾಗೆ.

"ಇಲ್ಲವಾ. ಬರವಲ್ದು."

ನನಗೂ ನೆನಪಿಗೆ ಬರುವುದಿಲ್ಲ. ಅಷ್ಟು ಹೊಲಗಳಿಗೆ, ಅಷ್ಟು ಊರುಗಳಿಗೆ ಮುಟ್ಟಿದ ದನಿ. ಅದನ್ನು ಹಿಡಿದಿಡಬೇಕೆಂದು ಅಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಚಹಾದ ಲೋಟ ತಣ್ಣಗಾಗುವವರೆಗೂ ನಾವಿಬ್ಬರೂ ಆ ಗದ್ದಲದ ನಡುವೆ ಕಿವಿಗೊಟ್ಟು ಕುಳಿತಿದ್ದೆವು.